ಚಿಕ್ಕಪ್ಪನ ಬಿಳಿ ಬೋರ್ಡು

ಮೊನ್ನೆ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದೆ. ವಾಕಿಂಗ್ ಎಂದರೆ ತಪ್ಪು ತಿಳಿಯಬೇಡಿ. ಡಾಕ್ಟರು ಹೇಳಿದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ನಾನು ನಿಂತೇ ಇರುತ್ತೇನೆ. ಯಾರಾದರೂ ಗುಂಡಿ ತೋಡುತ್ತಿದ್ದರೆ, ಶಟರಿಗೆ ಎಣ್ಣೆ ಬಿಡುತ್ತಿದ್ದರೆ, ಅದನ್ನು ನೋಡದೆ ದಾಟಿ ಹೋಗುವ ಶಕ್ತಿ ನಿವೃತ್ತನಾದ ಮನುಷ್ಯನಿಗೆ ಇರುವುದಿಲ್ಲ. ಅವತ್ತು ಒಂದು ಬಟ್ಟೆ ಅಂಗಡಿಯ ಹಳೆಯ ಬೋರ್ಡನ್ನು ಇಬ್ಬರು ಏಣಿ ಹಾಕಿ ಇಳಿಸುತ್ತಿದ್ದರು. ಒಳಗೆ ಟ್ಯೂಬ್‌ಲೈಟ್ ಕೂರಿಸಿ ಮುಂದೆ ಪ್ಲಾಸ್ಟಿಕ್ ಹಾಳೆ ಹೊದಿಸಿದ, ಹಳೇ ಕಾಲದ ತಗಡಿನ ಪೆಟ್ಟಿಗೆ. ಇಳಿಸುವಾಗ ಪಕ್ಕದ ತಗಡು ಬಿಚ್ಚಿಕೊಂಡು, ಎಷ್ಟೋ ವರ್ಷಗಳಿಂದ ಒಳಗೆ ಸತ್ತು ಬಿದ್ದಿದ್ದ ಹುಳುಗಳು ಮೊರದಷ್ಟು ಫುಟ್‌ಪಾತಿನ ಮೇಲೆ ಸುರಿದವು. ಜೊತೆಗೆ ಕಾದ ಧೂಳು, ಟ್ಯೂಬಿನ ಸುಟ್ಟ ಚೋಕು, ತುಕ್ಕು ಎಲ್ಲ ಸೇರಿದ ಒಂದು ವಾಸನೆ ಬಂತು. ಏಣಿಯ ಮೇಲಿದ್ದವನು ಮುಖ ಸಿಂಡರಿಸಿದ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ, ಏಕೆಂದರೆ ಅದು ಕುಣಿಗಲ್ಲಿನಲ್ಲಿ ನಮ್ಮ ಚಿಕ್ಕಪ್ಪನ ಅಂಗಡಿಯ ವಾಸನೆ.

ಚಿಕ್ಕಪ್ಪನದು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಚಪ್ಪಲಿ ಅಂಗಡಿ. ಈಗ ಇದರಲ್ಲಿ ಹೇಳಿಕೊಳ್ಳುವಂಥದ್ದೂ ಇಲ್ಲ, ಮುಚ್ಚಿಟ್ಟುಕೊಳ್ಳುವಂಥದ್ದೂ ಇಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ಹೆಡ್ ಮೇಷ್ಟ್ರ ಕಿರಿಮಗ ಸೊಸೈಟಿಯ ಗುಮಾಸ್ತಗಿರಿ ಬಿಟ್ಟು ಚಪ್ಪಲಿ ಮಾರಲು ಕೂತ ಎಂದರೆ ನಮ್ಮ ನೆಂಟರಿಷ್ಟರಲ್ಲಿ ಅದು ಒಂದು ಸಾವಿನಷ್ಟೇ ದೊಡ್ಡ ಸುದ್ದಿಯಾಗಿತ್ತು. ಚರ್ಮ ಮುಟ್ಟುವ ವ್ಯಾಪಾರ ನಮ್ಮಂಥವರಿಗೆ ಯಾಕೆ ಎಂದು ಮದುವೆಮನೆಗಳ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದವರು, ಹಾಗೆ ಪಿಸುಗುಟ್ಟುವಾಗ ಹಾಕಿಕೊಂಡಿದ್ದು ಚಿಕ್ಕಪ್ಪ ರಿಯಾಯಿತಿಯಲ್ಲಿ ಕೊಟ್ಟ ಚಪ್ಪಲಿಯನ್ನೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚಿಕ್ಕಪ್ಪ ಕೂಡ.

ನಮ್ಮ ತಾತ, ಅಂದರೆ ಆ ಹೆಡ್ ಮೇಷ್ಟ್ರು, ಕೂಗಾಡಲಿಲ್ಲ. ಕೂಗಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. "ನಾನು ಊರಿನ ಮಕ್ಕಳ ತಲೆ ನೋಡ್ಕೊಂಡೆ. ನೀನು ಕಾಲು ನೋಡ್ಕೋತೀಯ. ನೋಡ್ಕೋ" ಎಂದರು, ಅಷ್ಟೆ. ಆಮೇಲೆ ಅವರು ಕುಣಿಗಲ್ಲಿಗೆ ಹೋಗಲಿಲ್ಲ, ಚಿಕ್ಕಪ್ಪ ಗುಬ್ಬಿಗೆ ಬರುವುದನ್ನು ಕಡಿಮೆ ಮಾಡಿದರು, ಬಂದಾಗಲೂ ತಂದೆ ಮಗನ ನಡುವೆ ನೇರ ಮಾತಿರಲಿಲ್ಲ. ನಾನು ಆಗ ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದೆ. ನಮ್ಮ ಅಪ್ಪ, ಅಮ್ಮ, ತಾತ ಗುಬ್ಬಿಯಲ್ಲಿ, ಚಿಕ್ಕಪ್ಪ ಚಿಕ್ಕಮ್ಮ ಕುಣಿಗಲ್ಲಿನಲ್ಲಿ. ನಡುವಿನ ಊರಿನಲ್ಲಿದ್ದ ನಾನು ಎರಡು ಮನೆಗಳ ನಡುವಿನ ಅಂಚೆಯಾದೆ. ಹಪ್ಪಳ ಈ ಕಡೆಯಿಂದ ಆ ಕಡೆಗೆ, ಮಾತು ಆ ಕಡೆಯಿಂದ ಈ ಕಡೆಗೆ. ಹಪ್ಪಳವನ್ನು ದಾರಿಯಲ್ಲಿ ಮುರಿಯದಂತೆ ತಲುಪಿಸುತ್ತಿದ್ದೆ ಎಂದು ಚಿಕ್ಕಮ್ಮ ಈಗಲೂ ಹೊಗಳುತ್ತಾರೆ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಸಲ ಚಿಕ್ಕಪ್ಪ ಮಾಲು ತರಲು ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್ಕಿನಲ್ಲಿ ಬೆಳಕಿನ ಬೋರ್ಡುಗಳನ್ನು ನೋಡಿಕೊಂಡು ಬಂದರು. ಕೆಂಪು ದೀಪ ಹಸಿರು ದೀಪವನ್ನು ಅಟ್ಟಿಸಿಕೊಂಡು ಹೋಗುವುದನ್ನು ಅವರು ಕೈಯಲ್ಲಿ ಮಾಡಿ ತೋರಿಸಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕುಣಿಗಲ್ಲಿನಲ್ಲಿ ಆಗ ಎಲ್ಲ ಅಂಗಡಿಗಳಿಗೂ ಬಣ್ಣ ಬಳಿದ ತಗಡಿನ ಬೋರ್ಡೇ ಇದ್ದದ್ದು. ಸಂಜೆ ಆರೂವರೆಗೆ ಎಲ್ಲವೂ ಒಂದೇ ಕಪ್ಪು. ಚಿಕ್ಕಪ್ಪನ ಅಂಗಡಿಗೋ ಆ ತಗಡೂ ಇರಲಿಲ್ಲ. "ಮಂಗಳೂರು ಬಸ್ಸಿನಲ್ಲಿ ಹೋಗೋರಿಗೂ ಕಾಣ್ಬೇಕು ಕಣೋ" ಎಂದರು. ಮಂಗಳೂರಿಗೆ ಹೋಗುವವರು ಕುಣಿಗಲ್ಲಿನಲ್ಲಿ ಇಳಿದು ಚಪ್ಪಲಿ ಯಾಕೆ ಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ಬಿ.ಕಾಂ. ಓದುವವನಾದ್ದರಿಂದ ಬೋರ್ಡು ಆರಿಸುವ ಕೆಲಸ ನನ್ನ ಪಾಲಿಗೆ ಬಂತು, ಆ ಗತ್ತಿನಲ್ಲಿ ಪ್ರಶ್ನೆಗಳು ಮರೆತುಹೋದವು.

ತುಮಕೂರಿನಲ್ಲಿ ಒಬ್ಬ ಸಾಹೇಬರಿದ್ದರು. ಲಾರಿಯ ನಂಬರಿನಿಂದ ಹಿಡಿದು ಸಿನಿಮಾದ ದೊಡ್ಡ ಬೋರ್ಡಿನವರೆಗೆ ಎಲ್ಲ ಬರೆಯುವವರು. ಬೆಳಕಿನ ಪೆಟ್ಟಿಗೆ ಮಾಡುವುದನ್ನು ಹೊಸದಾಗಿ ಕಲಿತಿದ್ದರು. ನಾನೂ ಚಿಕ್ಕಪ್ಪನೂ ಅವರ ಮುಂದೆ ಹೆಣ್ಣು ನೋಡಲು ಬಂದವರಂತೆ ಕೂತೆವು. ಅವರು ಬಣ್ಣಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿನ ಮುಂದೆ ಹಿಡಿದು ತೋರಿಸಿದರು.

"ಕೆಂಪು ಹಾಕಿದ್ರೆ ಆಸ್ಪತ್ರೆ ಅಂದ್ಕೊಂಡು ರೋಗಿಗಳು ಬರ್ತಾರೆ ಸಾರ್" ಎಂದರು. "ಹಸ್ರು ಹಾಕಿದ್ರೆ ದರ್ಗಾ ಅಂತ ನಮ್ಮೋರು ಬರ್ತಾರೆ. ನೀಲಿ ಹಾಕಿದ್ರೆ ಟೆಂಟ್ ಸಿನಿಮಾ ಅಂತ ಟಿಕೆಟ್ ಕೇಳ್ತಾರೆ. ಬಿಳಿ ಹಾಳೆ ಮೇಲೆ ಕಪ್ಪಕ್ಷರ ಹಾಕ್ಸಿ. ಅಂಗ್ಡಿ ಅಂದ್ರೆ ಅಂಗ್ಡಿ ಥರ ಇರತ್ತೆ."

ಓಡುವ ದೀಪ ಬೇಕೆಂಬ ಚಿಕ್ಕಪ್ಪನ ಆಸೆಯನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ನಿಮ್ಮೂರಿನ ಕರೆಂಟೇ ಓಡೋಗ್ತದಲ್ಲ ಸಾರ್, ದೀಪ ಬೇರೆ ಯಾಕೆ ಓಡ್ಬೇಕು." ಹಾಗೆ ಅಳತೆ ನಿಕ್ಕಿಯಾಯಿತು, ಹಾಳೆ ನಿಕ್ಕಿಯಾಯಿತು, ಟ್ಯೂಬು ಎಷ್ಟು ಎಂಬುದೂ ನಿಕ್ಕಿಯಾಯಿತು. ಸಾಹೇಬರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಹೆಸ್ರು ಹೇಳಿ" ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಚಪ್ಪಲಿ ಅಂಗಡಿಗೆ ಹೆಸರಿಡುವ ಕಷ್ಟ ನಿಮಗೆ ಗೊತ್ತಿರಲಾರದು. ಹೋಟೆಲಿಗೆ, ಬಟ್ಟೆ ಅಂಗಡಿಗೆ, ಹಿಟ್ಟಿನ ಗಿರಣಿಗೆ ದೇವರ ಹೆಸರಿಟ್ಟು ಕೈತೊಳೆದುಕೊಳ್ಳಬಹುದು. ಚಪ್ಪಲಿಯ ಮೇಲೆ ದೇವರನ್ನು ಕೂರಿಸುವಂತಿಲ್ಲ. ಯಡಿಯೂರಿಗೆ ಹೋಗುವ ಭಕ್ತರ ಬಸ್ಸುಗಳು ನಮ್ಮ ಅಂಗಡಿಯ ಮುಂದೆಯೇ ನಿಲ್ಲುತ್ತಿದ್ದವು. ಆ ಸ್ವಾಮಿಯ ಹೆಸರು ಹಾಕಿದ್ದರೆ ನಾವು ಮಾರುವ ವಸ್ತುವಿನಿಂದಲೇ ನಮಗೆ ಪೂಜೆಯಾಗುತ್ತಿತ್ತು. ಚಿಕ್ಕಪ್ಪನ ಮಗಳ ಹೆಸರಿಡೋಣ ಎಂದರೆ, ನಾಳೆ ಅವಳನ್ನು ನೋಡಲು ಬರುವ ಗಂಡಿನವರು ಬಸ್ ಸ್ಟ್ಯಾಂಡಿನಲ್ಲೇ ಅವಳ ಹೆಸರನ್ನು ಚಪ್ಪಲಿಯ ಜೊತೆ ಓದಿಕೊಂಡು ಬರಬೇಕೇ ಎಂದು ಚಿಕ್ಕಮ್ಮ ಅನ್ನದ ಸೌಟು ಹಿಡಿದುಕೊಂಡೇ ಕೇಳಿದರು. ನಾನು ನನ್ನ ವಿದ್ಯೆಗೆ ತಕ್ಕಂತೆ ಮಾಡರ್ನ್, ಫ್ಯಾನ್ಸಿ, ನ್ಯಾಷನಲ್ ಎಂದೆಲ್ಲ ಪಟ್ಟಿ ಮಾಡಿಕೊಟ್ಟೆ. ಚಿಕ್ಕಪ್ಪ ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

"ಹಾಕಿದ್ರೆ ಅಪ್ಪನ ಹೆಸ್ರೇ ಹಾಕೋದು" ಎಂದರು. "ಗುಬ್ಬಿಲಿ ನಾನು ಎಲ್ಲಿ ಹೋದ್ರೂ ಮೇಷ್ಟ್ರ ಮಗ ಅಂತಿದ್ರು. ಇಲ್ಲಿ ನಾನು ಯಾರೂ ಅಲ್ಲ. ನೀನು ಹೋಗಿ ಕೇಳ್ಕೊಂಡು ಬಾ."

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ತಾತನ ಹೆಸರೇ ನನ್ನ ಹೆಸರು. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ರೂಢಿ. ಇಟ್ಟ ಮೇಲೆ ಅದನ್ನು ಕರೆಯುವವರಿಲ್ಲ. ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅಮ್ಮನೂ ಚಿಕ್ಕಮ್ಮನೂ ನನ್ನನ್ನು 'ಪುಟ್ಟು' ಎಂದರು. ತಂದೆಯ ಹೆಸರು ಹಿಡಿದು ಗದರುವುದು ಹೇಗೆಂದು ಅಪ್ಪನೂ ಚಿಕ್ಕಪ್ಪನೂ 'ಪುಟ್ಟು' ಎಂದರು. ಆ ದೊಡ್ಡ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಉಳಿಯಿತು. ಬೋರ್ಡಿನ ವಿಷಯ ಬಂದಾಗ ಚಿಕ್ಕಮ್ಮನಿಗೆ ಬಂದ ಮೊದಲ ಚಿಂತೆಯೂ ಅದೇ. "ಯಾರಾದ್ರೂ ನಿಮ್ಮ ಅಂಗ್ಡಿ ಹೆಸ್ರೇನು ಅಂದ್ರೆ ನಾನು ಏನಂತ ಹೇಳ್ಲಿ? ಬೋರ್ಡು ತೋರಿಸ್ಲಾ?"

ನನ್ನ ಚಿಂತೆ ಬೇರೆ. ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದರು. ಅದು ನನಗೆ ಹೊಸದಾಗಿ ಸಿಕ್ಕ ಗೌರವ. ನಮ್ಮ ತರಗತಿಗೆ ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಯಿದ್ದಳು. ಮೂರು ವರ್ಷದಲ್ಲಿ ಅವಳು ಒಮ್ಮೆಯೂ ನನ್ನ ಕಡೆ ನೋಡಿರಲಿಲ್ಲ. ಆದರೂ ಸಂಜೆ ಬಸ್ ಇಳಿದ ಕೂಡಲೇ ಎದುರಿಗೆ ನನ್ನ ಹೆಸರು ಚಪ್ಪಲಿಗಳ ಮೇಲೆ ಝಗಝಗಿಸುವುದನ್ನು ಕಂಡರೆ, ಅವಳು ನೋಡುವುದನ್ನು ನಿಲ್ಲಿಸಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಇದನ್ನು ಈಗ ಬರೆಯುವಾಗ ನಗು ಬರುತ್ತದೆ. ಆಗ ಎರಡು ದಿನ ಊಟ ಸೇರಿರಲಿಲ್ಲ.

ಗುಬ್ಬಿಗೆ ಹೋದೆ. ತಾತ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಅಮ್ಮ ಹಿತ್ತಲಿನಲ್ಲಿದ್ದಳು, ಅಪ್ಪ ಊರಿನಲ್ಲಿರಲಿಲ್ಲ. ತಾತ ಬೇಡ ಎನ್ನುವುದು ಖಂಡಿತ ಎಂಬ ಧೈರ್ಯದಲ್ಲಿ ಚಿಕ್ಕಪ್ಪ ಹೇಳಿದ್ದನ್ನು ಇದ್ದಂತೆಯೇ ಒಪ್ಪಿಸಿದೆ. ತಾತ ಪೇಪರನ್ನು ಮಡಿಸಿದರು. ಮತ್ತೆ ಬಿಚ್ಚಿ, ಮಡಿಕೆ ಸರಿಯಿಲ್ಲವೆಂಬಂತೆ ಇನ್ನೊಮ್ಮೆ ಮಡಿಸಿದರು.

"ಅಪ್ಪನ ಹೆಸ್ರನ್ನ ಹೇಳಿ ಕಳಿಸಿ ತರಿಸ್ಕೋತಾರೇನೋ?" ಎಂದರು. "ಬೇಕು ಅಂದ್ರೆ ಅವನೇ ಬಂದು ಕೇಳ್ಲಿ. ಬರ್ತಾ ಎಂಟನೇ ನಂಬರಿಂದು ಒಂದು ಜೊತೆ ಹಿಡ್ಕೊಂಡು ಬರ್ಲಿ. ಇದರ ಉಂಗುಷ್ಠ ಮತ್ತೆ ಕಿತ್ತೋಗಿದೆ."

ಮೆಟ್ಟಿಲ ಕೆಳಗೆ ಅವರ ಚಪ್ಪಲಿ ಬಿದ್ದಿತ್ತು. ಹೆಬ್ಬೆರಳು ತೂರಿಸುವ ಉಂಗುಷ್ಠಕ್ಕೆ ಪಿನ್ನು ಚುಚ್ಚಿದ್ದರು. ತಾತ ಮತ್ತೆ ಪೇಪರಿಗೆ ಮುಖ ಹಾಕಿದರು, ನಾನು ಕಾಫಿ ಕುಡಿದು ಹೊರಟೆ.

ತುಮಕೂರಿನಲ್ಲಿ ಬಸ್ ಬದಲಾಯಿಸಿ ಕುಣಿಗಲ್ಲಿನ ಬಸ್ಸು ಹತ್ತಿದಾಗಲೂ ಸುಳ್ಳು ಹೇಳುವ ಯೋಚನೆ ನನಗಿರಲಿಲ್ಲ, ಇದನ್ನು ನೀವು ನಂಬಬೇಕು. ಹೆಬ್ಬೂರಿನಲ್ಲಿ ಹಾಲಿನ ಕ್ಯಾನು ಹತ್ತಿಸಲು ಬಸ್ಸು ಬಹಳ ಹೊತ್ತು ನಿಂತಿತು. ಆ ಹೊತ್ತಿನಲ್ಲಿ ಆ ಹುಡುಗಿ ನೆನಪಾದಳು. ಬೋರ್ಡಿನ ಅಕ್ಷರಗಳೂ ಕಣ್ಣಮುಂದೆ ಬಂದವು, ಪ್ರತಿ ಅಕ್ಷರದ ಹಿಂದೆ ಟ್ಯೂಬ್‌ಲೈಟು ಬೇರೆ. ಕುಣಿಗಲ್ಲಿನಲ್ಲಿ ಇಳಿಯುವ ಹೊತ್ತಿಗೆ ತಾತನ ಮಾತಿನಲ್ಲಿ ನನಗೆ ಬೇಕಾದಷ್ಟು ಮಾತ್ರ ಉಳಿದಿತ್ತು.

"ತಾತ ಬೇಡ ಅಂದ್ರು" ಎಂದೆ.

ಚಿಕ್ಕಪ್ಪ ಒಬ್ಬ ಗಿರಾಕಿಯ ಕಾಲಿಗೆ ಪಟ್ಟಿ ಬಿಗಿಯುತ್ತಿದ್ದರು. ತಲೆ ಎತ್ತದೆ, "ಸರಿಯಾಗಿ ಹೇಳೋ, ಏನಂದ್ರು?" ಎಂದರು.

"ಬೇಡ ಅಂದ್ರು, ಅಷ್ಟೆ."

"ಆಯ್ತು" ಎಂದು ಇನ್ನೊಂದು ಕಾಲಿನ ಪಟ್ಟಿ ಬಿಗಿದರು. ಗಿರಾಕಿ ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ನೋಡಿ, ಸರಿಯಿದೆ ಎಂದ.

ಅಷ್ಟರಲ್ಲಿ ಸಾಹೇಬರ ಪೆಟ್ಟಿಗೆ ತಯಾರಾಗಿತ್ತು. ಬೇರೆ ಹೆಸರು ಹಾಕಿಸೋಣ, ನನ್ನ ಪಟ್ಟಿ ಇದೆಯಲ್ಲ ಎಂದೆ. ಚಿಕ್ಕಪ್ಪ ಒಪ್ಪಲಿಲ್ಲ. "ಇವತ್ತು ಬೇಡ ಅಂದ್ರು. ನಾಳೆ ಬೇಕು ಅಂದಾರು. ಅಲ್ಲೀವರೆಗೂ ಹಂಗೇ ಇರ್ಲಿ." ಪೆಟ್ಟಿಗೆಯನ್ನು ಇದ್ದ ಹಾಗೆಯೇ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ಅಂಗಡಿಯ ನೆತ್ತಿಗೆ ಏರಿಸಿದರು. ಸಂಜೆ ಸ್ವಿಚ್ ಹಾಕಿದಾಗ ಅದು ನಾಲ್ಕು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಿತು. ಆರಡಿ ಉದ್ದದ ಅಚ್ಚ ಬಿಳಿಯ ಬೆಳಕು, ಮೇಲೆ ಒಂದಕ್ಷರವಿಲ್ಲ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದೀಪ ಹತ್ತಿದ ಹೊತ್ತಲ್ಲವೇ, ಕೆಲವರು ರೂಢಿಯಂತೆ ಕೈಯನ್ನೂ ಮುಗಿದರು. ದೇವರ ಹೆಸರು ಬೇಡವೆಂದು ಅಷ್ಟು ಎಚ್ಚರ ವಹಿಸಿದ ಅಂಗಡಿಗೆ ಮೊದಲ ದಿನವೇ ನಮಸ್ಕಾರ ಬಿತ್ತು.

ಹುತ್ರಿದುರ್ಗದ ಕಡೆಯ ಒಬ್ಬ ಮುದುಕಪ್ಪ ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿ, ಜೊತೆಯವನಿಗೆ, "ಏನ್ಲಾ ಬರ್ದವ್ರೆ?" ಎಂದ.

"ಏನೂ ಬರ್ದಿಲ್ಲ ಕಣಜ್ಜ."

"ಬುಡು, ನಂಗೆ ಓದಕ್ ಬರಲ್ಲ ಅಂತ ಅಲ್ಲ ಹಂಗಾರೆ" ಎಂದು ಸಮಾಧಾನದಿಂದ ಒಳಗೆ ಬಂದು ಒಂದು ಜೊತೆ ಕೊಂಡುಕೊಂಡ.

ವ್ಯಾಪಾರ ಹೇಗೆ ಮಾಡಬೇಕೆಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದು ಒಂದೂ ಇಲ್ಲಿ ನಿಲ್ಲಲಿಲ್ಲ. ಆ ಅಂಗಡಿ 'ಬಿಳಿ ಬೋರ್ಡು' ಆಯಿತು. ಕಂಡಕ್ಟರುಗಳು "ಬಿಳಿ ಬೋರ್ಡ್ ಇಳ್ಕೊಳ್ರೀ" ಎನ್ನತೊಡಗಿದರು. ಮದುವೆಗೆ ಜವಳಿ ತರಲು ಬಂದವರು ಕೊನೆಗೆ ಬಿಳಿ ಬೋರ್ಡಿನಲ್ಲಿ ಚಪ್ಪಲಿ ಕೊಂಡು ಊರಿಗೆ ಹೋಗುತ್ತಿದ್ದರು. ಒಂದೆರಡು ವರ್ಷಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಚಪ್ಪಲಿ ಅಂಗಡಿ ತೆರೆದು ಎರಡು ಬಣ್ಣದ ಅಕ್ಷರಗಳಲ್ಲಿ ಉದ್ದನೆಯ ಹೆಸರು ಬೆಳಗಿಸಿದರು. ಜನ ಅದನ್ನು ಬಿಳಿ ಬೋರ್ಡಿನ ಪಕ್ಕದ್ದು ಎಂದು ಕರೆದರು. ಹೆಸರು ಯಾವಾಗ ಬರೆಸುತ್ತೀರಿ ಎಂದು ಕೇಳಿದವರಿಗೆಲ್ಲ ಚಿಕ್ಕಪ್ಪ, "ಬರ್ತದೆ, ಊರಿಂದ ಬರ್ಬೇಕು" ಎನ್ನುತ್ತಿದ್ದರು. ನಾನು ಪಕ್ಕದಲ್ಲಿದ್ದರೆ ಡಬ್ಬಗಳನ್ನು ಜೋಡಿಸತೊಡಗುತ್ತಿದ್ದೆ.

ಆ ಕಡೆ ತಾತನೂ ಕೇಳುತ್ತಿದ್ದರು. ಗುಬ್ಬಿಗೆ ಹೋದಾಗಲೆಲ್ಲ ಬಾಗಿಲಲ್ಲೇ, "ಹೇಳ್ದೇನೋ ಅವನಿಗೆ?"

"ಹೇಳ್ದೆ ತಾತ."

"ಏನಂದ?"

"ನೋಡೋಣ ಅಂದ್ರು."

ಮೂರನೆಯ ಸಲದ ಹೊತ್ತಿಗೆ ಅವರು ಏನಂದ ಎಂದು ಕೇಳುವುದನ್ನು ಬಿಟ್ಟರು. ಐದಾರು ಸಲದ ಮೇಲೆ ಮೊದಲ ಪ್ರಶ್ನೆಯನ್ನೂ ಬಿಟ್ಟರು. ಉಂಗುಷ್ಠದ ಪಿನ್ನಿನ ಜಾಗಕ್ಕೆ ತಂತಿ ಬಂತು. ಒಂದು ಸತ್ಯ ಹೇಳಿಬಿಡಲು ನನಗೆ ಎಷ್ಟೋ ಸಂಜೆಗಳು ಸಿಕ್ಕಿದ್ದವು. ಆದರೆ ಸುಳ್ಳು ಎರಡು ಊರಿನಲ್ಲಿ ಹರಡಿಕೊಂಡ ಮೇಲೆ ಯಾವ ಊರಿನಿಂದ ಎತ್ತಲು ಶುರುಮಾಡಬೇಕೆಂದು ತಿಳಿಯುವುದಿಲ್ಲ. ಆ ಹುಡುಗಿಗೆ ಅಷ್ಟರಲ್ಲಿ ಮದುವೆಯೂ ಆಗಿಹೋಗಿತ್ತು. ಮದುವೆಯ ಚಪ್ಪಲಿ ಬಿಳಿ ಬೋರ್ಡಿನದೇ ಎಂದು ಚಿಕ್ಕಮ್ಮ ಮಾತಿಗೆ ಹೇಳಿದರು. ನನಗೆ ಬೇಜಾರಾಗಬೇಕಿತ್ತು, ಆದರೆ ಆಗ ನೆನಪಾದದ್ದು ತಾತನ ತಂತಿ ಕಟ್ಟಿದ ಚಪ್ಪಲಿಯೇ.

ತಾತ ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟರು. ಸತ್ತವರು ಬಿಸಿ ದಾರಿಯಲ್ಲಿ ನಡೆಯಬೇಕಂತೆ, ಅದಕ್ಕಾಗಿ ಅವರ ಹೆಸರಿನಲ್ಲಿ ಕೊಡೆಯನ್ನೂ ಪಾದರಕ್ಷೆಯನ್ನೂ ದಾನ ಕೊಡುತ್ತಾರೆ. ಚಿಕ್ಕಪ್ಪ ಅಂಗಡಿಯಿಂದ ಒಂದು ಜೊತೆಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ನಮ್ಮ ಮನೆಯ ಹಜಾರದೊಳಕ್ಕೆ ಚಿಕ್ಕಪ್ಪನ ವ್ಯಾಪಾರ ಕಾಲಿಟ್ಟಿದ್ದು ಅವತ್ತೇ ಮೊದಲು. ಪುರೋಹಿತರು ಮಂತ್ರ ಹೇಳಿ ತಾತನ ಹೆಸರು ಉಚ್ಚರಿಸಿ ಅದನ್ನು ತೆಗೆದುಕೊಂಡರು, ಹಾಕಿಕೊಂಡು ನೋಡಿ ದೊಡ್ಡದಾಯಿತು ಎಂದರು. ನೆಂಟರು, ಇನ್ನು ಬೋರ್ಡಿಗೆ ತಂದೆಯ ಹೆಸರು ಬರೆಸಬಹುದಲ್ಲ, ಬೇಡ ಎನ್ನುವವರು ಯಾರಿದ್ದಾರೆ ಎಂದರು. "ಇದ್ದಾಗ ಕೊಡಲಿಲ್ಲ. ಹೋದ್ಮೇಲೆ ಹಾಕ್ಕೊಂಡ್ರೆ ಕದ್ದ ಹಂಗಾಗ್ತದೆ" ಎಂದು ಚಿಕ್ಕಪ್ಪ ಎಲೆಯ ಮುಂದೆ ಕೂತರು. ನಾನು ಅವರ ಎದುರಿನ ಸಾಲಿನಲ್ಲಿ ಬಡಿಸುತ್ತಿದ್ದೆ. ಆಗಲಾದರೂ ಹೇಳಬೇಕಿತ್ತು. ಪಾಯಸ ಬಡಿಸಿ ಮುಂದೆ ಹೋದೆ.

ಬೋರ್ಡು ಹಾಗೆಯೇ ಉಳಿಯಿತು. ಟ್ಯೂಬು ಬದಲಾದವು, ಬಿಳಿ ಹಾಳೆ ಹಳದಿಗೆ ತಿರುಗಿತು, ಜನ ಬಿಳಿ ಬೋರ್ಡೆಂದೇ ಕರೆದರು. ಚಿಕ್ಕಪ್ಪ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಎಷ್ಟೋ ವರ್ಷವಾಯಿತು. ನಾನು ಬ್ಯಾಂಕಿನಲ್ಲಿ ನೌಕರಿ ಮಾಡಿ, ನನ್ನ ಟೇಬಲಿನ ಮೇಲೆ ನನ್ನ ಪೂರ್ತಿ ಹೆಸರಿನ ಸಣ್ಣ ಫಲಕ ಇಟ್ಟುಕೊಂಡು, ರಿಟೈರಾದ ದಿನ ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

ಬಿ.ಎಚ್. ರಸ್ತೆಯಲ್ಲಿ ಆ ಹುಳುಗಳನ್ನು ಗುಡಿಸಿ ಹಾಕಿದ ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಕೈಯಲ್ಲಿ ಹಪ್ಪಳವಿರಲಿಲ್ಲ. ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಅವರೂ ಚಿಕ್ಕಮ್ಮನೂ ಮಗಳು ಅಳಿಯನ ಜೊತೆ ಇದ್ದಾರೆ, ಚಿಕ್ಕಪ್ಪನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕಾಫಿ ಬಂದು ಹೋಯಿತು. ಆಮೇಲೆ, "ಚಿಕ್ಕಪ್ಪ, ತಾತ ಅವತ್ತು ಬೋರ್ಡಿಗೆ ಬೇಡ ಅನ್ಲಿಲ್ಲ. ನಾನೇ ಹಂಗೆ ಹೇಳ್ದೆ" ಎಂದೆ. ಆ ಹುಡುಗಿಯ ವಿಷಯವನ್ನೂ ಹೇಳಿದೆ. ಅರವತ್ತು ದಾಟಿದ ಬಾಯಲ್ಲಿ ಅದು ಬಹಳ ಕೆಟ್ಟದಾಗಿ ಕೇಳಿಸಿತು.

ಅವರು ಟಿ.ವಿ.ಯ ಸದ್ದನ್ನು ಪೂರ್ತಿ ತಗ್ಗಿಸಿದರು. "ಅಪ್ಪ ಏನಂದ್ರೋ ಹಂಗೇ ಹೇಳು" ಎಂದರು.

ಹೇಳಿದೆ. ಒಂದು ಮಾತೂ ನನಗೆ ಮರೆತಿರಲಿಲ್ಲ. ಅಪ್ಪನ ಹೆಸರನ್ನು ಹೇಳಿ ಕಳಿಸಿ ತರಿಸಿಕೊಳ್ಳುತ್ತಾರೇನೋ ಎಂದದ್ದು, ಅವನೇ ಬಂದು ಕೇಳಲಿ ಎಂದದ್ದು, ಎಂಟನೇ ನಂಬರಿನ ಜೊತೆ ತರಲಿ ಎಂದದ್ದು, ಉಂಗುಷ್ಠ ಮತ್ತೆ ಕಿತ್ತುಹೋದದ್ದು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು.

"ಎಂಟು ಅಂದ್ರಾ?" ಎಂದರು ಚಿಕ್ಕಪ್ಪ.

"ಎಂಟು ಅಂದ್ರು."

"ಅಪ್ಪಂದು ಒಂಬತ್ತು ಕಣೋ. ಜೀವಮಾನ ಪೂರ್ತಿ ಎಂಟು ಹಾಕ್ಕೊಂಡೇ ಓಡಾಡಿದ್ರು. ಅದಕ್ಕೇ ಉಂಗುಷ್ಠ ಕಿತ್ತೋಗ್ತಿದ್ದಿದ್ದು."

ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ಅವತ್ತೇ ಗೊತ್ತಾಗಿದ್ರೆ ನಾನು ಎಂಟೇ ತಗೊಂಡು ಹೋಗ್ತಿದ್ದೆ" ಎಂದರು. "ಬಿಗಿ ಆಗ್ತಿತ್ತು. ಬದಲಾಯ್ಸಿ ಕೊಡೋಕೆ ಇನ್ನೊಂದ್ ಸಲ ಹೋಗ್ಬೋದಿತ್ತು."